ಕತ್ತರಿ ಹಾಕದ ಸಂಪಾದಕರು

"ಇನ್ನೊಂದು ಹತ್ತು ನಿಮಿಷ ತಡೀರಿ," ಎನ್ನುತ್ತಾ ತೀರಿಕೊಂಡವರ ಭಾವಮೈದುನ ಶವವಾಹನದ ಚಾಲಕನ ಕೈಗೆ ಎರಡನೇ ಸಲ ಟೀ ಲೋಟ ಕೊಟ್ಟ.

"ಹತ್ತು ಹತ್ತು ಅಂತಾನೇ ಒಂದು ಗಂಟೆ ಆಯ್ತಲ್ಲ ಯಜಮಾನ್ರೇ. ಹೋದವರು ಎಷ್ಟು ಹೊತ್ತು ಬೇಕಾದ್ರೂ ಕಾಯ್ತಾರೆ, ಚಿತಾಗಾರದವರು ಕಾಯಲ್ಲ."

"ಭಾವನ ಕಡೆ ಜನ ಬರ್ಬೇಕು."

ಚಾಲಕ ಬೀದಿಯ ಆ ತುದಿ ನೋಡಿದ, ಈ ತುದಿ ನೋಡಿದ. ಹಾಲಿನ ಅಂಗಡಿಯವನೊಬ್ಬ ಖಾಲಿ ಕ್ರೇಟು ಜೋಡಿಸುತ್ತಿದ್ದ, ಅಷ್ಟೇ. "ಎಲ್ಲಿಂದ ಬರ್ಬೇಕು?" ಎಂದು ಕೇಳಿದ. ಭಾವಮೈದುನ ಲೋಟ ವಾಪಸು ಇಸಿದುಕೊಂಡು ಮೆಟ್ಟಿಲು ಹತ್ತಿದ.

ಮನೆ ಮೂರನೇ ಮಹಡಿಯಲ್ಲಿತ್ತು. ಲಿಫ್ಟ್ ಇರಲಿಲ್ಲ. ನಡುಮನೆಯಲ್ಲಿ ಭಾವನನ್ನು ಬಿಳಿ ಹೊದಿಕೆಯ ಕೆಳಗೆ ಮಲಗಿಸಿದ್ದರು. ಮೊದಲೇ ಸಣಕಲು ದೇಹ, ಈಗ ಹೊದಿಕೆಯೇ ಹೆಚ್ಚಾಗಿ ಕಾಣುತ್ತಿತ್ತು. ಬಾಡಿಗೆಗೆ ತಂದ ಕುರ್ಚಿಗಳಲ್ಲಿ ಪಕ್ಕದ ಮನೆಯ ಗಂಡ ಹೆಂಡತಿ ಕೂತಿದ್ದರು. ಮಿಕ್ಕವನ್ನು ತಂದವರು ಹೇಗೆ ಇಟ್ಟುಹೋಗಿದ್ದರೋ ಹಾಗೇ ಇದ್ದವು. ಮಗಳು ಕಿಟಕಿಯ ಹತ್ತಿರ ನಿಂತು ಅಪ್ಪನ ಫೋನನ್ನು ತಡಕಾಡುತ್ತಿದ್ದಳು.

"ಯಾರಾದ್ರೂ ಸಿಕ್ಕಿದ್ರೇನೇ?" ತಲೆಯ ಬಳಿ ಕೂತಿದ್ದ ತಾಯಿ ಕೇಳಿದಳು.

"ಇದರಲ್ಲಿ ಬೆರಳೆಣಿಕೆಯಷ್ಟು ನಂಬರ್ ಇವೆ ಅಮ್ಮ. ಒಬ್ಬರು ಹೋಗಿ ವರ್ಷ ಆಯ್ತಂತೆ. ಇನ್ನೊಬ್ಬರು ಆಸ್ಪತ್ರೇಲಿ. ಉಳಿದವು ಹತ್ತೋದೇ ಇಲ್ಲ."

"ನಂಬರ್ ಯಾಕೆ ಹುಡುಕ್ತೀಯ? ಗುಂಪಲ್ಲಿ ಹಾಕು. ಸಾವಿರಾರು ಜನ ನೋಡ್ತಾರೆ."

"ಗುಂಪು ಎಲ್ಲಿದೆ ಅಮ್ಮ ಈಗ?"

ತಾಯಿಗೆ ಅದು ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಬೆಳಗಿನಿಂದ ಮತ್ತೆ ಮತ್ತೆ ಅದನ್ನೇ ಹೇಳುತ್ತಿದ್ದಳು. ಬಾಗಿಲಲ್ಲಿ ನಿಂತ ತಮ್ಮನನ್ನು ನೋಡಿ, "ಗಾಡಿಯವನಿಗೆ ಇನ್ನೊಂಚೂರು ತಡಿ ಅನ್ನು," ಎಂದಳು. "ಜೊತೇಲಿ ಕೆಲಸ ಮಾಡಿದವರು ಒಬ್ಬರಾದ್ರೂ ಬರ್ಲಿ ಕಣೋ. ಇವರು ಎಷ್ಟು ಜನರನ್ನ ಕಳಿಸೋಕೆ ಹೋಗಿದ್ರು! ಒಬ್ಬರೂ ಬರದೆ ಇವರನ್ನ ಹೇಗೆ ಕಳಿಸಲಿ?"

*

ಚಾವಣಿಯ ಶೀಟು ಮಾಡುವ ಕಾರ್ಖಾನೆಯಲ್ಲಿ ಅವರು ಕತ್ತರಿಸುವ ಯಂತ್ರದ ಮುಂದೆ ನಿಲ್ಲುತ್ತಿದ್ದರು. ಸಂಜೆ ಮನೆಗೆ ಬಂದರೆ ಹುಬ್ಬಿನ ಮೇಲೂ ಬಿಳಿ ಧೂಳು. ಕಾರ್ಖಾನೆ ಮುಚ್ಚಿತು, ಜನ ದಿಕ್ಕಾಪಾಲಾದರು, ಧೂಳು ಮಾತ್ರ ಎದೆಯೊಳಗೆ ಉಳಿಯಿತು. ಒಬ್ಬೊಬ್ಬರಿಗೇ ಕೆಮ್ಮು ಶುರುವಾದಾಗ ಬೀಡಿಯ ಕೆಮ್ಮು ಅಂದರು, ವಯಸ್ಸಿನ ಕೆಮ್ಮು ಅಂದರು. ಕಾರ್ಖಾನೆಯ ಧೂಳಿನ ಕೆಮ್ಮು ಎಂದು ಮೊದಲು ಬರೆದವಳು ಪತ್ರಿಕೆಯೊಂದರ ವರದಿಗಾರ್ತಿ. ವಾರ ವಾರವೂ ಬರೆದಳು. ಆದರೆ ಅದನ್ನು ಫೋನಿನಲ್ಲಿ ಓದಬೇಕೆಂದರೆ ಚಂದಾ ಕಟ್ಟಬೇಕಿತ್ತು.

ಇವರು ಚಂದಾ ಕಟ್ಟಿದರು. ಅಂತರ್ಜಾಲದಲ್ಲಿ ಒಂದು ಗುಂಪು ತೆರೆದು, ಪ್ರತಿ ವಾರ ಇಡೀ ವರದಿಯನ್ನು ತಂದು ಅಲ್ಲಿ ಸುರಿದರು. ಕೊನೆಯಲ್ಲಿ 'ಕೃಪೆ' ಎಂದು ಬರೆದು ಪತ್ರಿಕೆಯ ಹೆಸರು, ಅದರ ಕೆಳಗೆ ವರದಿಗಾರ್ತಿಯ ಹೆಸರು, ಹೆಸರಿನ ಹಿಂದೆ ಒಂದು 'ಶ್ರೀಮತಿ'. ಅವಳಿಗೆ ಮದುವೆಯಾಗಿದೆಯೋ ಇಲ್ಲವೋ ಅವರಿಗೆ ಗೊತ್ತಿರಲಿಲ್ಲ. ಗೌರವಕ್ಕೆ ಇರಲಿ ಎಂದು ಹಾಕಿದ್ದರು. ಗುಂಪಿನವರು ತಮಾಷೆಗೆ ಅವರನ್ನು 'ಸಂಪಾದಕರೇ' ಎಂದು ಕರೆಯತೊಡಗಿ, ಕೊನೆಗೆ ಅದೇ ಹೆಸರಾಯಿತು.

ಪ್ರತಿ ವರದಿಯ ಕೆಳಗೂ ಸಂತೆಯಷ್ಟು ಮಾತು. ನನಗೂ ಹೀಗೇ ಆಗ್ತಿದೆ, ಯಾವ ಡಾಕ್ಟರಿಗೆ ತೋರಿಸಿದ್ರಿ, ಬಣ್ಣದ ವಿಭಾಗದ ಆ ಉದ್ದನೆಯವನು ಹೋದನಂತೆ, ನಾಳೆ ಎಷ್ಟೊತ್ತಿಗೆ. ಹೀಗೆ ಸುದ್ದಿ ಹಬ್ಬಿ, ಎಲ್ಲೆಲ್ಲಿಂದಲೋ ಬಸ್ಸು ಹಿಡಿದು ಜನ ಅಂತ್ಯಕ್ರಿಯೆಗೆ ಸೇರುತ್ತಿದ್ದರು.

"ಅಪ್ಪ, ಹೀಗೆ ಪೂರ್ತಿ ಹಾಕ್ಬಾರ್ದು," ಎಂದು ಮಗಳು ಹೇಳಿದ್ದಳು. "ಹಕ್ಕುಸ್ವಾಮ್ಯ ಅಂತ ಇರುತ್ತೆ. ಎರಡು ಸಾಲು ಹಾಕಿ ಲಿಂಕ್ ಕೊಡು, ಸಾಕು."

"ಕೃಪೆ ಅಂತ ಹಾಕಿದೀನಲ್ಲೇ."

"ಕೃಪೆ ಹಾಕಿದ್ರೆ ಅನುಮತಿ ಕೇಳಿದ ಹಾಗಾಗಲ್ಲಪ್ಪ."

"ಆ ಮಗು ಬಿಸಿಲಲ್ಲಿ ಅಲೆದು ಬರೆದಿದೆ. ಅದಕ್ಕೆ ಕತ್ತರಿ ಹಾಕೋಕೆ ನಾನ್ಯಾರು? ಅದು ಅವಮಾನ ಅಲ್ವಾ?"

ಮಗಳ ಕಾಟಕ್ಕೆ ಒಂದು ವಾರ ಎರಡೇ ಸಾಲು ಹಾಕಿ ನೋಡಿದರು. 'ಸಂಪಾದಕರೇ, ಊಟಕ್ಕೆ ಕೂರಿಸಿ ಎಲೆ ಎಳ್ಕೊಂಡ್ರಲ್ಲ' ಎಂದು ಒಬ್ಬ ಬರೆದ. ಲಿಂಕ್ ಒತ್ತಿದರೆ ಚಂದಾ ಕೇಳುತ್ತೆ ಎಂದು ಇನ್ನೊಬ್ಬ ಗೋಳಾಡಿದ. ಮುಂದಿನ ವಾರ ಮತ್ತೆ ಪೂರ್ತಿ ಬಂತು, ಒಂದು ಅಲ್ಪವಿರಾಮವೂ ತಪ್ಪದೆ.

ಗುಂಪಿಗೆ ಜಾಗ ಕೊಟ್ಟ ಕಂಪನಿಯಿಂದ ಎಚ್ಚರಿಕೆಗಳು ಬಂದವು. ಯಂತ್ರ ಕಳಿಸಿದ್ದು, ಎಲ್ಲರಿಗೂ ಕಳಿಸುತ್ತೆ ಎಂದು ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ಬೆಳಗ್ಗೆ ಎದ್ದು ನೋಡಿದರೆ ಗುಂಪೇ ಇರಲಿಲ್ಲ. ವರದಿಗಳ ಜೊತೆಗೆ ಜನ ಬರೆದದ್ದೂ ಹೋಗಿತ್ತು, ಸತ್ತವರಿಗೆ ಸಲ್ಲಿಸಿದ ಕಂಬನಿಯೂ ಹೋಗಿತ್ತು.

*

ಮೆಟ್ಟಿಲು ಹತ್ತಿ ಬಂದವಳು ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಒಳಗೆ ಬರಲೋ ಬೇಡವೋ ಎನ್ನುವಂತೆ ನಿಂತಳು. ನಲವತ್ತರ ಆಸುಪಾಸು, ಹೆಗಲಲ್ಲಿ ಬಟ್ಟೆಯ ಚೀಲ. ಆಸ್ಪತ್ರೆಯಲ್ಲಿ ಪರಿಚಯದ ನರ್ಸು ಒಬ್ಬರು ಹೇಳಿದರು, ಅದಕ್ಕೆ ಬಂದೆ ಎಂದಳು. ಆಮೇಲೆ ತನ್ನ ಹೆಸರು ಹೇಳಿದಳು.

ತಾಯಿ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. "ನೀನೇನಮ್ಮಾ! ನಿನ್ನ ಹೆಸರು ಬರೆಯದ ವಾರ ಇಲ್ಲ ಇವರು. ನೋಡು, ಗುಂಪು ಹೋಗ್ಬಿಡ್ತು, ಯಾರಿಗೂ ಹೇಳೋಕಾಗ್ತಿಲ್ಲ. ನಿಮ್ಮ ಪತ್ರಿಕೇಲಿ ಎರಡು ಸಾಲು ಹಾಕ್ಸಮ್ಮ. ಇವತ್ತು ಬರದಿದ್ರೂ ನಾಳೆಯಾದ್ರೂ ಜನಕ್ಕೆ ಗೊತ್ತಾಗ್ಲಿ."

"ನಾನೀಗ ಅಲ್ಲಿಲ್ಲ ಅಮ್ಮ."

"ಯಾಕೆ?"

ಮಗಳು ಕಿಟಕಿಯಿಂದ ಈಚೆ ಬಂದಳು. "ಗುಂಪಿನ ಮೇಲೆ ದೂರು ಕೊಟ್ಟಿದ್ದು ನಿಮ್ಮ ಪತ್ರಿಕೆಯವರೇ ಅಲ್ವಾ?"

"ಪತ್ರಿಕೆಯವರಲ್ಲ," ಎಂದಳು ವರದಿಗಾರ್ತಿ. "ನಾನು."

ಪಕ್ಕದ ಮನೆಯವರು ಮುಖ ಮುಖ ನೋಡಿಕೊಂಡರು.

"ಯಾವ ವರದಿ ಎಷ್ಟು ಜನ ತೆರೆದ್ರು ಅಂತ ನಮ್ಮಲ್ಲಿ ಲೆಕ್ಕ ಬರುತ್ತೆ. ನಂದು ಯಾವಾಗ್ಲೂ ತಳದಲ್ಲಿ. ಧೂಳಿನ ಗೋಳು ಯಾರಿಗೂ ಬೇಕಾಗಿಲ್ಲ, ನಿಲ್ಸು ಅಂತಿದ್ರು. ಆಗ ಈ ಗುಂಪು ಕಣ್ಣಿಗೆ ಬಿತ್ತು. ಇಲ್ಲಿ ಎಲ್ಲರೂ ಓದ್ತಿದ್ರು, ಮೊದಲಿಂದ ಕೊನೇವರೆಗೂ. ಆದ್ರೆ ಇಲ್ಲಿ ಓದಿದ್ದು ಅಲ್ಲಿ ಲೆಕ್ಕಕ್ಕೆ ಬರಲ್ಲ. ನನಗೆ ಸಿಟ್ಟು ಬಂತು. ವರದಿ ತೆಗೆಸಿದ್ರೆ ಜನ ನಮ್ಮ ಕಡೆ ಬರ್ತಾರೆ ಅಂದ್ಕೊಂಡೆ. ಗುಂಪನ್ನೇ ಅಳಿಸ್ತಾರೆ ಅಂತ ದೇವರಾಣೆಗೂ ಗೊತ್ತಿರ್ಲಿಲ್ಲ."

"ಬಂದ್ರಾ ಜನ?" ಮಗಳು ಕೇಳಿದಳು.

"ಇಲ್ಲ. ವರದಿ ನಿಲ್ಸಿದ್ರು. ಆಮೇಲೆ ನನ್ನನ್ನೂ ಮನೆಗೆ ಕಳಿಸಿದ್ರು."

ತಾಯಿ ಇನ್ನೂ ಅವಳ ಕೈ ಬಿಟ್ಟಿರಲಿಲ್ಲ. ಮಾತು ಮಾತನ್ನೂ ತಡೆದು ತಡೆದು ಕೇಳಿದಳು. "ಅಂದ್ರೆ, ಇವರು ಹಾಗೆ ಪೂರ್ತಿ ಹಾಕಿದ್ದಕ್ಕೇ ನಿನ್ನ ವರದಿ ನಿಂತೋಯ್ತಾ?"

ಇಲ್ಲ ಅನ್ನಬಹುದಿತ್ತು. ಸಾವಿನ ಮನೆಯಲ್ಲಿ ಅಷ್ಟು ಸುಳ್ಳು ಯಾರಾದರೂ ಹೇಳುತ್ತಾರೆ. ವರದಿಗಾರ್ತಿ ತಲೆ ತಗ್ಗಿಸಿದಳು. ತಾಯಿ ಅವಳ ಕೈ ಬಿಟ್ಟು, ಹೋಗಿ ಮೊದಲಿನ ಜಾಗದಲ್ಲೇ ಕೂತು, ಗಂಡನ ಮುಖ ನೋಡಿದಳು.

*

ಗುಂಪು ಹೋದ ಮೇಲೂ ಅವರು ದಿನಾ ಬೆಳಗ್ಗೆ ಫೋನು ತೆರೆಯುತ್ತಿದ್ದರು. ಪತ್ರಿಕೆಯ ಪುಟವನ್ನು ಮೇಲಿನಿಂದ ಕೆಳಕ್ಕೆ ಎಳೆದು, ಕೆಳಗಿನಿಂದ ಮೇಲಕ್ಕೆ ಎಳೆದು, ಕನ್ನಡಕ ಒರೆಸಿ ಮತ್ತೆ ಹುಡುಕುತ್ತಿದ್ದರು.

"ಆ ಮಗು ಬರೆಯೋದನ್ನೇ ನಿಲ್ಸಿದೆ ಕಣೆ," ಎಂದು ಒಂದು ದಿನ ಹೆಂಡತಿಗೆ ಹೇಳಿದರು. "ನಾನೆಲ್ಲೋ ಒಂದು ಪದ ಬಿಟ್ಟು ಹಾಕಿದ್ನೇನೋ. ಬೇಜಾರಾಗಿರ್ಬೇಕು."

"ನೀವು ಯಾವ ಪದ ಬಿಟ್ಟಿದೀರಿ? ಸುಮ್ನೆ ಊಟ ಮಾಡಿ."

ತಟ್ಟೆಯಲ್ಲಿದ್ದದ್ದು ಹಾಗೇ ಉಳಿಯಿತು. ಆಮ್ಲಜನಕದ ನಳಿಗೆ ಹಾಕಿದ ಮೇಲೆ ಮಾತು ಕಡಿಮೆಯಾಯಿತು. ಆಸ್ಪತ್ರೆಯಲ್ಲಿ ಮಲಗಿ, ಯಾರು ಬದುಕಿದ್ದಾರೆ ಯಾರು ಇಲ್ಲ ಎಂದು ತಮ್ಮಷ್ಟಕ್ಕೇ ಗೊಣಗಿಕೊಳ್ಳುತ್ತಿದ್ದರು. ಹೇಳುವವರು ಯಾರೂ ಇರಲಿಲ್ಲ.

*

ಕೆಳಗೆ ಹಾರ್ನ್ ಕೇಳಿಸಿತು. ಈ ಸಲ ಚಾಲಕನೇ ಮೇಲೆ ಬಂದ. ಅವನು, ಭಾವಮೈದುನ, ಪಕ್ಕದ ಮನೆಯವನು ಹೊರಲು ನಿಂತರು. ನಾಲ್ಕನೆಯ ಮೂಲೆ ಖಾಲಿ ಇತ್ತು. ಯಾರೂ ಏನೂ ಹೇಳುವ ಮೊದಲೇ ವರದಿಗಾರ್ತಿ ಚೀಲ ಕೆಳಗಿಟ್ಟು ಬಂದು ಹಿಡಿದಳು. ಮಗಳು ಅವಳನ್ನು ದೂಡಲು ಕೈ ಮುಂದೆ ಮಾಡಿ, ಮನಸ್ಸಾಗದೆ ಹಿಂತೆಗೆದಳು. ತಿರುವುಗಳಲ್ಲಿ ಓರೆ ಮಾಡಿ ಇಳಿಸುವಾಗ, "ಭಾರವೇ ಇಲ್ಲ," ಎಂದು ಚಾಲಕ ಬಾಯಿತಪ್ಪಿ ಅಂದ.

ಚಿತಾಗಾರದಲ್ಲಿ ಎಲ್ಲ ಬೇಗ ಮುಗಿಯಿತು. ಇಷ್ಟೇ ಜನವಾ ಎಂದು ಅಲ್ಲಿಯವನು ಕೇಳಿದ, ಇಷ್ಟೇ ಎಂದ ಭಾವಮೈದುನ. ವರದಿಗಾರ್ತಿ ಗೇಟಿನಲ್ಲಿ ಯಾರಿಗೋ ಹೇಳುವವಳಂತೆ "ಬರ್ತೀನಿ" ಎಂದು ನಡೆದುಹೋದಳು.

ಸಂಜೆ ಮನೆಯಲ್ಲಿ ತಾಯಿ ಮಗಳು ಇಬ್ಬರೇ ಇದ್ದರು. ಅಷ್ಟು ಜನರಿಗಾಗಿ ಒದ್ದಾಡಿದ ಮನುಷ್ಯ, ಯಾರೂ ಇಲ್ಲದವನಂತೆ ಹೋಗಿಬಿಟ್ಟನಲ್ಲ ಎಂದು ತಾಯಿ ಖಾಲಿ ಕುರ್ಚಿಗಳನ್ನೇ ನೋಡುತ್ತಿದ್ದಳು.

ಆಗ ಮೆಟ್ಟಿಲ ಕಡೆಯಿಂದ ಸದ್ದು ಬಂತು. ಒಂದು ಹೆಜ್ಜೆ, ಆಮೇಲೆ ಏನೂ ಇಲ್ಲ, ಆಮೇಲೆ ಸೀಳಿಬರುವ ಉಸಿರು, ಮತ್ತೆ ಒಂದು ಹೆಜ್ಜೆ. ಗಂಡ ಹತ್ತಿ ಬರುತ್ತಿದ್ದುದೂ ಹೀಗೇ; ತಾಯಿ ಯೋಚಿಸುವ ಮೊದಲೇ ಎದ್ದಿದ್ದಳು. "ನಿಧಾನ ಹತ್ತಿ, ಯಾಕೆ ಅವಸರ," ಎನ್ನುತ್ತಾ ಬಾಗಿಲು ತೆಗೆದಳು. ಮಗಳು "ಅಮ್ಮ" ಎಂದು ಕೂಗಿದ್ದು ಕೇಳಿಸಲಿಲ್ಲ.

ಕೆಳಗಿನ ತಿರುವಿನಲ್ಲಿ ಯಾರೋ ಮುದುಕ ಕಂಬಿ ಹಿಡಿದು ನಿಂತಿದ್ದ. ಕಂಕುಳಲ್ಲಿ ಎಕ್ಸ್-ರೇಯ ಕಂದು ಲಕೋಟೆ.

"ಸಂಪಾದಕರ ಮನೆ... ಇದೇನಾ ತಾಯಿ?"

ಅವಳು ಹೌದೆಂದು ತಲೆಯಾಡಿಸಿದಳು.

"ಎಷ್ಟು ತಿಂಗಳಾಯ್ತು... ಏನೂ ಹಾಕ್ತಾನೇ ಇಲ್ಲ... ನಮ್ಮನ್ನೆಲ್ಲ ಮರೆತುಬಿಟ್ರಾ ಅಂತ... ಬೈದು ಹೋಗೋಣ ಅಂತಾನೇ ಬಂದೆ..." ಅವನು ನಗಲು ನೋಡಿದ, ಉಸಿರು ಸಾಲಲಿಲ್ಲ. "ಎಲ್ಲಿ... ಕರೀರಿ ಅವರನ್ನ..."

ಅವಳ ತುಟಿ ಅಲುಗಿತು. ಅವನು ಕೈ ಎತ್ತಿ, ತಾಳಿ, ಒಂದು ನಿಮಿಷ ತಾಳಿ ಎಂದು ಸನ್ನೆ ಮಾಡಿ, ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆಯೇ ಕೂತುಬಿಟ್ಟ. ಎತ್ತಿದ ಕೈ ಹಾಗೇ ಇತ್ತು. ಅವನಿಗೆ ಉಸಿರು ಮರಳಲಿ ಎಂದು ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು.