ಕಮರಿಯ ನೀರಲ್ಲಿ ಎರಡು ಅಂಗಿ

ನಮ್ಮ ಲಾಂಡ್ರಿಯಲ್ಲಿ ಕಾನೂನು ಒಂದೇ: ಗಿರಾಕಿಯ ಬಟ್ಟೆ ನಮ್ಮ ಮೈಗೆ ತಾಗಬಾರದು. ಈ ಕಾನೂನು ಮಾಡಿದವಳು ನಾನು. ಮುರಿಯುವುದಕ್ಕೆ ನಮ್ಮ ಯಜಮಾನರಿದ್ದಾರೆ.

ಆ ಭಾನುವಾರ ನದಿಯ ಕಮರಿ ನೋಡಲು ಹೊರಟು ಬಸ್ಸಿನಲ್ಲಿ ಕೂತ ಮೇಲೆಯೇ ನಾನು ಅವರ ಅಂಗಿಯನ್ನು ಗಮನಿಸಿದ್ದು. ಕೆನೆ ಬಣ್ಣದ್ದು, ಗರಿಗರಿ ಇಸ್ತ್ರಿ. ಕಾಲರು ಮಡಚಿ ನೋಡಿದೆ. ಒಳಗೆ ನಾನೇ ಬರೆದ ಪುಟ್ಟ ಕೊಡೆ! ನಾವು ಬಟ್ಟೆಗೆ ಹೆಸರು ಬರೆಯುವುದಿಲ್ಲ, ಒಗೆತಕ್ಕೆ ಅಕ್ಷರ ಹರಡುತ್ತದೆ. ಮನೆಗೊಂದು ಚಿತ್ರ. ಬಿಸಿಲಿರಲಿ ಮೋಡವಿರಲಿ ಕೊಡೆ ಬಿಡದ ಮೇಷ್ಟ್ರಿಗೆ ಕೊಡೆ, ಹಲ್ಲಿನ ಡಾಕ್ಟರಿಗೆ ಎರಡು ಬೇರಿನ ಹಲ್ಲು.

“ರೀ, ಇದು ಕೊಡೆ ಮೇಷ್ಟ್ರದ್ದು!”

“ಮೆಲ್ಲಗೆ ಮಾತಾಡೇ. ಒಂದು ದಿನ ಹಾಕ್ಕೊಂಡ್ರೆ ಸವೆದು ಹೋಗುತ್ತಾ? ನನ್ನ ಅಂಗೀಲಿ ಇಸ್ತ್ರಿ ಪೆಟ್ಟಿಗೆ ಸುಡದೇ ಇರೋದು ಒಂದು ತೋರ್ಸು, ನೋಡೋಣ.”

ಪಿತ್ತ ನೆತ್ತಿಗೇರಿತು. ಮೊದಲೇ ತಲೆ ಕೆಟ್ಟಿತ್ತು. ಹಲ್ಲಿನ ಡಾಕ್ಟರ ನೀಲಿ ಪಟ್ಟೆಯ ಅಂಗಿಯೊಂದು ನಮ್ಮಲ್ಲಿ ಕಳೆದುಹೋಗಿತ್ತು. ಸೋಮವಾರ ಬೆಳಿಗ್ಗೆ ಅದು ಕೈಗೆ ಬರದಿದ್ದರೆ ಆಸ್ಪತ್ರೆಯ ಕೋಟು, ಹಾಸಿಗೆ ಬಟ್ಟೆ ಎಲ್ಲವನ್ನೂ ಎದುರುಗಡೆಯ ಮೆಷೀನ್ ಲಾಂಡ್ರಿಗೆ ಕೊಡುವುದಾಗಿ ಡಾಕ್ಟರು ಹೇಳಿಹೋಗಿದ್ದರು. ನಮ್ಮ ಅರ್ಧ ಕೆಲಸವೇ ಅದು. ಅದು ಹೋದರೆ ಅಂಗಡಿಯ ಬಾಗಿಲು ಎಳೆಯುವುದೊಂದೇ ಬಾಕಿ. ಕಪಾಟು, ಮೂಟೆ, ಮಂಚದಡಿ ಎಲ್ಲ ಜಾಲಾಡಿ ನಾನು ಸೋತಿದ್ದೆ. “ಕಮರೀಲಿ ಗಾಳಿ ತಗೊಂಡ್ರೆ ನೆನಪಾಗುತ್ತೆ ಬಾ” ಎಂದು ಇವರು ಎಳೆದುಕೊಂಡು ಬಂದದ್ದು.

ಗಾಳಿಯೇನೋ ಸೊಗಸಾಗಿತ್ತು. ಮೇಲೆ ಕಾವಲಿಯಂತೆ ಕಾದ ಬಂಡೆ, ಕೆಳಗೆ ಎರಡು ಕಡಿದಾದ ಗೋಡೆಗಳ ನಡುವೆ ಹಸಿರು ನೀರು. ಇಳಿಯಲು ಒಂದೇ ದಾರಿ, ಏರಲೂ ಅದೇ. ನೀರಿನಂಚಿಗೆ ಕೂತು ಬುತ್ತಿ ಬಿಚ್ಚಿದೆವು. ಅಷ್ಟರಲ್ಲಿ ಬಂಡೆಯ ತಿರುವಿನಲ್ಲಿ ಮೊದಲು ಕಂಡದ್ದು ಒಂದು ಕಪ್ಪು ಕೊಡೆ.

ಯಜಮಾನರು ಕೈಯಲ್ಲಿದ್ದ ತುತ್ತನ್ನೂ ಬಿಡದೆ ದುಡುಂ ಎಂದು ನೀರಿಗೆ ಬಿದ್ದರು. ಕೊರಳವರೆಗೆ ಮುಳುಗಿ ಏನೂ ಆಗದವರಂತೆ ಅಗಿಯತೊಡಗಿದರು.

ಕೊಡೆ ಮೇಷ್ಟ್ರು ಇಳಿದು ಬಂದರು. ನನ್ನನ್ನು ಕಂಡರು. ಮುಖ ಹುಳ್ಳಗಾಯಿತು. ನಮಸ್ಕಾರವನ್ನು ಅರ್ಧಕ್ಕೇ ನಿಲ್ಲಿಸಿ, ಕೊಡೆಯನ್ನು ಎದೆಗೆ ಅಡ್ಡ ತಂದು ಅವರೂ ಅಂಗಿ ಸಮೇತ ನೀರಿಗಿಳಿದುಬಿಟ್ಟರು, ಕೊಡೆ ಬಿಚ್ಚಿಕೊಂಡೇ!

“ಏನ್ ಸೆಕೆ ಮೇಷ್ಟ್ರೇ!” ಎಂದಿತು ಒಂದು ತಲೆ.

“ಅಯ್ಯೋ, ಹೇಳ್ಬೇಡಿ,” ಎಂದಿತು ಇನ್ನೊಂದು ತಲೆ.

“ನೀವು ಮೇಲೆ ನೆರಳಲ್ಲಿ ಕೂತ್ಕೊಳ್ಳಿ ಮೇಷ್ಟ್ರೇ. ತುಂಬಾ ಹೊತ್ತು ನೆಂದ್ರೆ ಶೀತ ಆಗುತ್ತೆ.”

“ನಂಗೇನಿಲ್ಲ. ನೀವೇ ಪಾಪ ನಡುಗ್ತಾ ಇದೀರ. ಮೊದ್ಲು ನೀವು ಏಳಿ.”

ಹೊರಗೆ ಸುಡುವ ಬಿಸಿಲು, ಒಳಗೆ ಇಬ್ಬರ ಹಲ್ಲೂ ಕಟಕಟ. ನಮ್ಮವರು ಏಕೆ ಏಳುತ್ತಿಲ್ಲವೆಂದು ನನಗೆ ಗೊತ್ತು. ಈ ಪುಣ್ಯಾತ್ಮ ಏಕೆ ಏಳುತ್ತಿಲ್ಲ? ಅನುಮಾನ ಬಂದು ಬಂಡೆ ಬಳಸಿ ಅವರ ಬೆನ್ನ ಹಿಂದೆ ಹೋದೆ. ಒದ್ದೆ ಕಾಲರು ಹಿಂದಕ್ಕೆ ಮಡಚಿಕೊಂಡಿತ್ತು. ಅದರ ಮೇಲೆ ಎರಡು ಬೇರಿನ ಹಲ್ಲು!

“ಮೇಷ್ಟ್ರೇ! ಅದು ಡಾಕ್ಟರ ಅಂಗಿ!” ನನ್ನ ಕೂಗಿಗೆ ಎರಡೂ ಗೋಡೆಗಳು ‘ಅಂಗಿ, ಅಂಗಿ’ ಎಂದವು.

ಮೇಷ್ಟ್ರು ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದರು. “ನೀವು ಕಳಿಸಿದ ಕಟ್ಟಲ್ಲೇ ಬಂದಿತ್ತು ಕಣಮ್ಮ. ಕೊಡೋಣ ಅಂತಲೇ ಇದ್ದೆ.”

“ಯಾವಾಗ, ಹರಿದ ಮೇಲಾ?”

“ಹೋದ ವಾರ ಸ್ಕೂಲಿಗೆ ಹಾಕ್ಕೊಂಡು ಹೋದೆ. ಮಕ್ಕಳು ‘ಸಾರ್, ಇವತ್ತು ಚೆನ್ನಾಗಿದೀರ’ ಅಂದ್ರು. ಇಷ್ಟು ವರ್ಷದಲ್ಲಿ ಯಾರೂ ಅಂದಿರ್ಲಿಲ್ಲ.” ಕೊಡೆಯ ಹಿಂದಿನಿಂದ ಬಂದ ದನಿ ತೀರಾ ಸಣ್ಣದಾಗಿತ್ತು. ನನಗೆ ಪಾಪ ಅನ್ನಿಸಿತು. ಆದರೂ ಅಂಗಡಿ ಉಳಿಯಿತಲ್ಲ! ಹೊಟ್ಟೆಗೆ ಹಾಲು ಹಾಕಿದಂತಾಯಿತು.

ಆ ಖುಷಿ ಯಜಮಾನರಿಗೆ ನನಗಿಂತ ಹೆಚ್ಚಾಯಿತು. “ಸಿಕ್ತಲ್ಲೇ!” ಎಂದು ಚಪ್ಪಾಳೆ ತಟ್ಟುತ್ತಾ ನೀರಿನಿಂದ ಎದ್ದು ನಿಂತೇ ಬಿಟ್ಟರು. ಮೈಗಂಟಿದ ಕೆನೆ ಬಣ್ಣದ ಅಂಗಿ ಬಿಸಿಲಿಗೆ ಹೊಳೆಯಿತು.

ಮೇಷ್ಟ್ರು ಕೊಡೆ ಇಳಿಸಿದರು. ನೋಡಿದರು. ಇನ್ನೂ ಹತ್ತಿರ ಬಂದು ನೋಡಿದರು. “ಇದು ನನ್ನದಲ್ವಾ?”

ಯಜಮಾನರು ಇಂಗು ತಿಂದ ಮಂಗನಂತಾದರು. ನಾನು ನದಿಯ ಸೌಂದರ್ಯ ಸವಿಯುವವಳಂತೆ ಆ ಕಡೆ ತಿರುಗಿದೆ. ಯಾರಿಗೆ ಯಾರು ಬೈಯಬೇಕೋ ಮೂವರಿಗೂ ತಿಳಿಯಲಿಲ್ಲ. ಕೊನೆಗೆ ಮೇಷ್ಟ್ರಿಗೇ ನಗು ತಡೆಯಲಾಗಲಿಲ್ಲ. ಅವರು ನಕ್ಕದ್ದಕ್ಕೆ ಕಮರಿಯೂ ನಕ್ಕಿತು.

“ಇಬ್ಬರೂ ಬಿಚ್ಚಿ!” ಎಂದೆ.

ಎರಡೂ ಅಂಗಿಗಳನ್ನು, ನಮ್ಮವರ ಬನಿಯನ್ನನ್ನೂ ಜಾಲಿಸಿ, ಹಿಂಡಿ, ಕಾದ ಬಂಡೆಯ ಮೇಲೆ ಹರವಿ ಅಂಗೈಯಲ್ಲೇ ಸುಕ್ಕು ಬಿಡಿಸಿದೆ. ಬರಿಮೈಯ ಗಂಡಸರಿಬ್ಬರು ಒಂದೇ ಕೊಡೆಯಡಿ ಕೂತು ನನ್ನ ಬುತ್ತಿಯನ್ನು ಪೂರ್ತಿ ಖಾಲಿ ಮಾಡಿದರು. ವಾಪಸ್ಸು ಬರುವಾಗ ಮೇಷ್ಟ್ರು ತಮ್ಮ ಅಂಗಿಯಲ್ಲಿದ್ದರು, ನಮ್ಮವರು ಬನಿಯನ್ನಿನಲ್ಲಿದ್ದರು, ಡಾಕ್ಟರ ಅಂಗಿ ಎಳೆಗೂಸಿನಂತೆ ನನ್ನ ಮಡಿಲಲ್ಲಿತ್ತು.

ಸೋಮವಾರ ಡಾಕ್ಟರು ಅಂಗಿ ಬಿಡಿಸಿದರು. ಮೂಸಿದರು.

“ಏನಿದು ವಾಸನೆ?”

“ಕಲ್ಲಿನ ಮೇಲೆ ಒಣಗಿಸಿದ್ದು ಸಾರ್,” ಎಂದೆ. ಸುಳ್ಳೇನಲ್ಲವಲ್ಲ.

“ಅದ್ಕೇ ಇಷ್ಟು ಚೆನ್ನಾಗಿದೆ! ಆ ಮೆಷೀನಿನವರಿಗೆ ಇದೆಲ್ಲಿ ಬರಬೇಕು? ಆಸ್ಪತ್ರೆ ಬಟ್ಟೆ ನಿಮ್ಮ ಹತ್ರಾನೇ ಇರ್ಲಿ. ಇನ್ಮೇಲೆ ನಮ್ಮ ಮನೇದೆಲ್ಲ ಹೀಗೇ ಮಾಡಿ. ಹೆಂಡತಿದೂ ಕಳಿಸ್ತೀನಿ.”

ಸಂಜೆಯೇ ಮೂಟೆ ಬಂತು. ಎಲ್ಲದರ ಮೇಲೆ ಡಾಕ್ಟರ ಹೆಂಡತಿಯ ನೀಲಿ ಗೌನು, ರೇಷ್ಮೆಯದ್ದು, ನನ್ನದೇ ಅಳತೆ. ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು, ಹೊಲಿಗೆ ಬಿಚ್ಚಿದೆಯೇ ನೋಡೋಣವೆಂದು ಅದನ್ನು ಮೈಗೆ ಹಿಡಿದು ಕನ್ನಡಿಯ ಮುಂದೆ ನಿಂತೆ. ಕನ್ನಡಿಯೊಳಗೆ ಯಜಮಾನರು ಬಾಗಿಲಿಗೊರಗಿ ಹಲ್ಲು ಕಿರಿಯುತ್ತಿದ್ದರು.

“ನಗ್ತೀರೇನ್ರೀ?” ಎಂದು ಗದರಿದೆ. “ಭಾನುವಾರ ಕಮರಿಗೆ ಮೊದಲನೇ ಬಸ್ಸು ಎಷ್ಟೊತ್ತಿಗೆ, ಅದನ್ನ ವಿಚಾರಿಸ್ಕೊಂಡು ಬನ್ನಿ.”