ಬಡಗಿ ಮಾಡಿಕೊಟ್ಟ ದಾರಿ

ಚಳಿಗಾಲ ಆಗಷ್ಟೇ ಕಾಲಿಟ್ಟಿತ್ತು. ಸಂಜೆ, ಶಾಲೆ ಬಿಡುವ ಹೊತ್ತು. ಬಡಗಿಯ ಅಂಗಡಿ ಬೀದಿಗೆ ಮುಖ ಮಾಡಿತ್ತು, ಹಿಂದೆಯೇ ಅವನ ಮನೆ. ಅಂಗಡಿಯ ಹೊರಗೋಡೆಗೆ ಉದ್ದುದ್ದ ಹಲಗೆಗಳನ್ನು ಒರಗಿಸಿ ನಿಲ್ಲಿಸಿದ್ದ. ಅವುಗಳ ಬುಡ ಫುಟ್‌ಪಾತನ್ನೆಲ್ಲ ನುಂಗಿತ್ತು. ನಡೆದು ಹೋಗುವವರು ಅಲ್ಲಿ ರಸ್ತೆಗಿಳಿದು ಬಳಸಿಕೊಂಡು ಹೋಗಬೇಕು. ಬಡಗಿ ಬೀದಿಗೆ ಬೆನ್ನು ಮಾಡಿ ಕೆಲಸಕ್ಕೆ ಕೂರುವವನು. ಇದು ಅವನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಮಗಳು ಮೂರನೇ ಕ್ಲಾಸು. ಕೂತಲ್ಲಿ ಕೂರುವ ಕೂಸಲ್ಲ, ಹಾಗಾಗಿ ಎಲ್ಲರ ಬಾಯಲ್ಲೂ ಗುಬ್ಬಿ. ಆ ಸಂಜೆ ಬೆನ್ನ ಮೇಲಿನ ಚೀಲ ಇಳಿಸುವ ಮೊದಲೇ ಶುರು ಮಾಡಿದಳು.

“ಅಪ್ಪಾ, ಟೀಚರ್ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಮನೆಯಿಂದ ಶಾಲೆಗೆ ಬರೋ ದಾರೀನ ಮಾಡ್ಕೊಂಡು ಬರ್ಬೇಕಂತೆ. ರಟ್ಟು, ಬೆಂಕಿಪೊಟ್ಟಣ, ಏನಾದ್ರೂ ಆಗತ್ತಂತೆ. ನಂಗೆ ಗೋಂದು ಕೊಡು.”

ಬಡಗಿ ಉಳಿ ಕೆಳಗಿಟ್ಟ. “ರಟ್ಟಾ? ಬಡಗಿ ಮಗಳು ರಟ್ಟು ಅಂಟಿಸ್ಕೊಂಡು ಹೋದ್ರೆ ಜನ ನನ್ನ ಮುಖಕ್ಕೆ ಉಗೀತಾರೆ. ನೀನು ಸುಮ್ನೆ ಕೂತ್ಕೋ. ಅಪ್ಪ ಮಾಡ್ತಾನೆ ನೋಡು.”

ಮಾಡಿದ. ತೇಗದ ತುಂಡು ಹುಡುಕಿ, ಉಜ್ಜಿ, ಪಾಲಿಶ್ ಹೊಡೆದು ಮಾಡಿದ. ತೆರೆದು ಮುಚ್ಚುವ ಬಾಗಿಲುಗಳ ಮನೆಗಳು, ಮೆಟ್ಟಿಲುಳ್ಳ ಶಾಲೆ. ನಡುವೆ ರಸ್ತೆ, ಗೆರೆ ಎಳೆದಷ್ಟು ನೇರ. ನಿಜವಾದ ರಸ್ತೆಗೆ ತಿರುವುಗಳಿದ್ದವು, ಆದರೆ ಡೊಂಕು ಕೆಲಸ ಅವನ ಕೈಗೆ ಒಗ್ಗುತ್ತಿರಲಿಲ್ಲ. ಗುಬ್ಬಿ ಬೆರಳು ಚಾಚಿದಾಗಲೆಲ್ಲ, “ಮುಟ್ಬೇಡ, ಅಂಟು ಒಣಗಿಲ್ಲ” ಎಂದ.

“ಅಪ್ಪಾ, ನಮ್ಮ ಅಂಗಡಿ ಮುಂದೆ…”

“ಅಂಗಡೀನೂ ಮಾಡಿದೀನಿ ಕಣೇ, ಬೋರ್ಡ್ ಸಮೇತ.”

ಗುಬ್ಬಿ ಕೈ ಕಟ್ಟಿ ಕೂತಳು.

ಶಾಲೆಗೆ ಅದು ಹೋದ ದಿನವೇ ಸಂಜೆ ಟೀಚರು ಅದನ್ನು ಎತ್ತಿಕೊಂಡು ಅಂಗಡಿಗೆ ಬಂದರು. ಬಡಗಿ ಸ್ಟೂಲಿನ ಮೇಲಿನ ಮರದಪುಡಿ ಕೊಡವಿ ಕೂರಿಸಿದ. ಹೊಗಳಿಕೆ ಬರುತ್ತದೆಂದು ಕಾದ.

“ಕೆಲಸದ ಬಗ್ಗೆ ಎರಡು ಮಾತಿಲ್ಲ,” ಎಂದರು ಟೀಚರು. “ನೂರಕ್ಕೆ ನೂರು ಕೊಡ್ಬಹುದು. ಆದ್ರೆ ನೀವು ನನ್ನ ಕ್ಲಾಸಲ್ಲಿ ಓದ್ತಾ ಇಲ್ವಲ್ಲಣ್ಣ.”

ಒಳಗೆ ಹೊಲಿಗೆ ಮಿಷನ್ ನಿಂತಿತು. ಬಡಗಿಯ ಹೆಂಡತಿ ಕಿಸಕ್ಕನೆ ನಕ್ಕದ್ದು ಕೇಳಿಸಿತು.

“ಚೆಂದ ನೋಡೋಕೆ ಅಂತ ಇದನ್ನ ಕೊಟ್ಟಿದ್ದಲ್ಲ. ಮಕ್ಕಳ ಕಣ್ಣಿಗೆ ಈ ದಾರಿ ಹೇಗೆ ಕಾಣತ್ತೆ, ಎಲ್ಲಿ ಭಯ ಆಗತ್ತೆ ಅಂತ ತಿಳ್ಕೊಳ್ಳೋಕೆ. ಒಬ್ಬ ಮುಚ್ಚಳ ಇಲ್ಲದ ಚರಂಡಿ ಮಾಡಿದ್ದ. ಇನ್ನೊಬ್ಬಳು ನಾಯಿಗಳು ಮಲಗೋ ತಿರುವು ಮಾಡಿದ್ಲು. ನಿಮ್ಮ ಮಗಳು ಮಾತ್ರ ಬಾಯೇ ಬಿಡ್ಲಿಲ್ಲ. ಗುರುವಾರ ಎಲ್ಲರನ್ನೂ ಈ ದಾರೀಲಿ ನಡೆಸ್ಕೊಂಡು ಹೋಗ್ತೀನಿ. ಗುಬ್ಬೀನ ಕಳಿಸಿ. ಅಲ್ಲಾದ್ರೂ ಮಾತಾಡ್ಲಿ.”

“ಅದೆಲ್ಲ ಬೇಡ ಟೀಚರ್. ಬೀದಿ ಸುತ್ತೋದನ್ನ ಶಾಲೇಲಿ ಬೇರೆ ಕಲಿಸ್ಬೇಕಾ? ಅದು ಅವಳಿಗೆ ಹುಟ್ಟುತ್ತಲೇ ಬಂದಿದೆ. ಗಾಡಿ ಓಡಾಡೋ ಜಾಗ. ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?”

ಹೆಂಡತಿ ಬಾಗಿಲಿಗೆ ಬಂದಳು. “ದಿನಾ ಅದೇ ಬೀದೀಲಿ ಒಬ್ಬಳೇ ಹೋಗಿ ಬರ್ತಾಳಲ್ಲ ರೀ. ಆಗ ಯಾರು ಹೊಣೆ?”

ಬಡಗಿ ಉಳಿ ಎತ್ತಿಕೊಂಡು ಒರೆಸತೊಡಗಿದ.

ಟೀಚರಿಗೆ ಬೇಜಾರೇನೂ ಆಗಲಿಲ್ಲ. “ಕೇಳಿದ್ದು ಒಳ್ಳೇದಾಯ್ತು. ಎಲ್ಲ ಅಪ್ಪ ಅಮ್ಮಂದಿರೂ ಕೇಳ್ಬೇಕು. ನಾನು ಮೊದ್ಲೇ ಆ ದಾರಿ ನಡೆದು ನೋಡಿದೀನಿ. ಇಬ್ಬಿಬ್ಬರು ಕೈ ಹಿಡ್ಕೊಂಡು ಬರ್ತಾರೆ. ಹೊರಡುವಾಗಲೂ ವಾಪಸ್ ಬಂದಾಗಲೂ ತಲೆ ಎಣಿಸ್ತೀನಿ. ಮುಂದೆ ನಾನಿರ್ತೀನಿ. ಸಾಲಿನ ಕೊನೇಲಿ ದೊಡ್ಡವರೊಬ್ಬರು ಬೇಕು. ನೀವೇ ಬನ್ನಿ.”

“ನಂಗೆಲ್ಲಿ ಪುರುಸೊತ್ತು?”

“ರಟ್ಟಿನ ಕೆಲಸಕ್ಕೆ ತೇಗ ಕೆತ್ತೋಕೆ ಇತ್ತಲ್ಲ ಪುರುಸೊತ್ತು!” ಎಂದಳು ಹೆಂಡತಿ. ಅಲ್ಲಿಗೆ ಮಾತು ಮುಗಿಯಿತು.

ಗುರುವಾರ ಬಡಗಿ ಕಿವಿಯ ಮೇಲಿನ ಪೆನ್ಸಿಲನ್ನೂ ತೆಗೆಯದೆ ಸಾಲಿನ ಕೊನೆಯಲ್ಲಿ ನಡೆದ. ಅಪಾಯದ ಜಾಗ ಬಂದಾಗಲೆಲ್ಲ ಟೀಚರು ಎಲ್ಲರನ್ನೂ ನಿಲ್ಲಿಸಿದರು. ತಾವು ರಸ್ತೆಗಿಳಿದು ಕೈ ಎತ್ತಿ ಗಾಡಿಗಳನ್ನು ತಡೆದರು. “ಇಲ್ಲಿ ದಿನಾ ಹೇಗೆ ಹೋಗ್ತೀರಿ? ತೋರಿಸಿ.” ಚರಂಡಿಯ ಹತ್ತಿರ ಹುಡುಗನೊಬ್ಬ ಹಾರುವ ಜಾಗ ತೋರಿಸಿದ. ತಿರುವಿನಲ್ಲಿ ಹುಡುಗಿಯೊಬ್ಬಳು ಗೋಡೆಗೆ ಅಂಟಿಕೊಂಡು ನಡೆದು ತೋರಿಸಿದಳು. ಬಡಗಿಗೆ ಆಕಳಿಕೆ ಬರುತ್ತಿತ್ತು.

ಆಮೇಲೆ ಅವನ ಅಂಗಡಿಯೇ ಬಂತು.

“ಇಲ್ಲಿ?” ಎಂದರು ಟೀಚರು, ಮತ್ತೆ ಕೈ ಎತ್ತಿ.

ಮಕ್ಕಳು ಹಿಡಿದ ಕೈ ತಾವಾಗಿಯೇ ಬಿಟ್ಟರು. ಒಬ್ಬರ ಹಿಂದೊಬ್ಬರು ರಸ್ತೆಗಿಳಿದರು. ಎಲ್ಲರ ಮುಖ ಹಲಗೆಗಳ ಕಡೆಗೆ, ಬೆನ್ನು ರಸ್ತೆಗೆ. ಟೀಚರು ತಡೆದ ಒಂದು ಲಾರಿ ಅಲ್ಲಿ ಗುರುಗುಡುತ್ತ ನಿಂತಿತ್ತು. ಅದರ ಬಂಪರು ಸರಿಯಾಗಿ ಮಕ್ಕಳ ತಲೆಯ ಎತ್ತರಕ್ಕಿತ್ತು. ಗುಬ್ಬಿಯೂ ಅವರಂತೆಯೇ ನಡೆದಳು.

“ಅಲ್ರೋ, ಗಾಡಿ ಬರೋ ಕಡೆ ಯಾಕೆ ನೋಡಲ್ಲ?” ಬಡಗಿಯ ಸ್ವರ ಏರಿತು.

“ಹಲಗೆ ನೋಡ್ಬೇಕಲ್ಲ ಅಂಕಲ್,” ಎಂದ ಒಬ್ಬ ಹುಡುಗ. “ಆವತ್ತು ಒಂದು ಜಾರಿ ಬಿತ್ತು. ಗುಬ್ಬಿ ಚೀಲಕ್ಕೆ ತಾಗಿತು.”

ಬಡಗಿ ಮಗಳ ಕಡೆ ತಿರುಗಿದ. “ಮನೇಲಿ ಯಾಕೆ ಹೇಳ್ಲಿಲ್ಲ?”

ಗುಬ್ಬಿ ನೆಲ ನೋಡುತ್ತ ಹೇಳಿದಳು: “ಪ್ರಾಜೆಕ್ಟಲ್ಲಿ ತೋರಿಸೋಣ ಅಂತಿದ್ದೆ. ಅದನ್ನ ನೀನೇ ಮಾಡ್ಬಿಟ್ಟೆ.”

ಬಡಗಿ ಹೋಗಿ ಒಂದು ಹಲಗೆಯನ್ನು ಕೈಯಿಂದ ಅಲುಗಿಸಿ ನೋಡಿದ. ಆಮೇಲೆ ಟೀಚರಿಗೆ, “ನಿಮಗೆ ಮೊದ್ಲೇ ಗೊತ್ತಿತ್ತು,” ಎಂದ.

“ಗೊತ್ತಿತ್ತಣ್ಣ. ನಾನು ಹೇಳಿದ್ರೆ ಜಗಳ ಆಗ್ತಿತ್ತು.”

ಅಂದು ಸಂಜೆಯೇ ಗಂಡ ಹೆಂಡತಿ ಸೇರಿ ಹಲಗೆಗಳನ್ನೆಲ್ಲ ಒಳಗೆ ಸಾಗಿಸಿ ನೆಲಕ್ಕೆ ಮಲಗಿಸಿದರು. ಅಂಗಡಿ ಇಕ್ಕಟ್ಟಾಯಿತು. ಗರಗಸ ಬೇಕೆಂದರೆ ಬಡಗಿ ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ಹೋಗಬೇಕು. ಗೊಣಗುತ್ತಾನೆ, ಆದರೆ ಒಂದು ತುಂಡನ್ನೂ ಮತ್ತೆ ಹೊರಗಿಟ್ಟಿಲ್ಲ.

ಅಪ್ಪಂದಿರೇ, ಅಮ್ಮಂದಿರೇ, ಮಕ್ಕಳ ಪ್ರಾಜೆಕ್ಟ್ ಮಕ್ಕಳೇ ಮಾಡಲಿ. ಸೊಟ್ಟಗಾಗಲಿ, ಅಂಟು ಸೋರಲಿ. ನೀವು ಪಕ್ಕದಲ್ಲಿ ಕೂತು, ಇದೇನು, ಯಾಕೆ ಹೀಗೆ ಮಾಡಿದೆ ಎಂದು ಕೇಳಿ, ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳಿ. ಶಾಲೆಯವರು ಹೊರಗೆ ಕರೆದುಕೊಂಡು ಹೋಗುತ್ತೇವೆಂದರೆ, ಎಲ್ಲಿಗೆ, ಯಾರು ಜೊತೆಗಿರುತ್ತಾರೆ ಎಂದು ಧೈರ್ಯವಾಗಿ ವಿಚಾರಿಸಿ. ಸರಿ ಕಂಡರೆ ಕಳಿಸಿ. ಬಿಡುವಾದರೆ ನೀವೂ ಹೋಗಿ. ನಿಮ್ಮ ಬಾಗಿಲ ಮುಂದೆ ಮಕ್ಕಳ ದಾರಿಗೆ ಏನಾದರೂ ಅಡ್ಡವಿದ್ದರೆ ಇವತ್ತೇ ಎತ್ತಿಡಿ.

ಮುಂದಿನ ವಾರ ಮಕ್ಕಳು ಅಂಚೆ ಕಚೇರಿ ನೋಡಲು ಹೋದರು. ಮಿಷನ್ನಿಗೆ ಬಟ್ಟೆ ಮುಚ್ಚಿ, ಸಾಲಿನ ಕೊನೆಯಲ್ಲಿ ಹೊರಟವಳು ಗುಬ್ಬಿಯ ಅಮ್ಮ.