ಚೌಳು ತಿಂದ ಸರಳು

ಪುಷ್ಯ ಮಾಸ. ರಾರಾವಿ ಹಳ್ಳಿಯ ಕಣಗಳಲ್ಲಿ ಭತ್ತದ ಒಕ್ಕಲು ನಡೆದಿತ್ತು. ದೊಡ್ಡಬಸಪ್ಪನ ಮನೆ ಮುಂದೆ ಮಾತ್ರ ಸುತ್ತಿಗೆಯ ಸದ್ದು. ಕೆಡವಿದ ಹಳೆ ಮಣ್ಣಿನ ಮಾಳಿಗೆ ಮನೆಯ ಕಲ್ಲು, ಇಟ್ಟಿಗೆಯನ್ನು ಆಳುಗಳು ಒಡೆದು ಜಲ್ಲಿ ಮಾಡುತ್ತಿದ್ದರು. ನಾಳೆ ಹೊಸ ಕೋಣೆಗೆ ಸ್ಲಾಬು ಹಾಕುವುದಿತ್ತು. ಯುಗಾದಿ ಹೊತ್ತಿಗೆ ಮಗಳು ಶಿವಬಸಮ್ಮ ಬಾಣಂತನಕ್ಕೆ ಬರುವುದು ಅದೇ ಕೋಣೆಗೆ.

ಗೌಂಡಿ ಮಾರೆಣ್ಣ ರಾಶಿಯಿಂದ ಒಂದು ಚೂರು ಎತ್ತಿಕೊಂಡ. ಅದರ ಮೈಗೆ ಮಾಳಿಗೆಗೆ ಹೊದಿಸಿದ್ದ ಚೌಳು ಮಣ್ಣು ಮೆತ್ತಿತ್ತು.

"ಗೌಡ್ರ, ಇದು ಸ್ಲಾಬಿಗೆ ಬ್ಯಾಡ್ರಿ."

"ಯಾಕಲೇ? ನಮ್ಮಜ್ಜನ ಕಾಲದಿಂದ ಮಾಳಿಗಿ ಮ್ಯಾಲೆ ಚೌಳು ಹಾಕೀವಿ. ಒಂದು ಹನಿ ಸೋರಿಲ್ಲ. ಬಳ್ಳಾರಿ ಕಂಟೋನ್ಮೆಂಟಿನಾಗ ಆರು ತಿಂಗಳು ಕೆಲಸ ಮಾಡಿ ಇಂಜಿನೇರ ಆಗಿ ಬಂದೀಯೇನು?"

ಆಳುಗಳು ನಕ್ಕರು. ಮಾರೆಣ್ಣ ನಗಲಿಲ್ಲ.

"ಮಾಳಿಗಿಯಾಗ ಕಟ್ಟಿಗಿ ತೊಲಿ ಇದ್ವು. ಸ್ಲಾಬಿನಾಗ ಕಬ್ಬಿಣ ಐತಿ. ಇದನ್ನ ನಾಲಿಗಿಗೆ ಹಚ್ಚಿ ನೋಡ್ರಿ."

ದೊಡ್ಡಬಸಪ್ಪ ಹಚ್ಚಿಕೊಂಡು ಉಗುಳಿದ. "ಉಪ್ಪು."

"ಆ ಉಪ್ಪು ಸರಳಿಗೆ ತುಕ್ಕು ಹಿಡಸ್ತೈತಿ. ತುಕ್ಕು ಹಿಡಿದ ಸರಳು ಉಬ್ಬಿ ಸ್ಲಾಬು ಸೀಳತೈತಿ. ಮೊದಲು ಹೊರಗ ಏನೂ ಕಾಣಂಗಿಲ್ಲ."

"ನೀ ಕಣ್ಣಿಲೆ ನೋಡೀಯೇನು?" ಬಾಗಿಲಲ್ಲಿ ನಿಂತಿದ್ದ ದೊಡ್ಡಬಸಪ್ಪನ ಹೆಂಡತಿ ಚನ್ನವೀರಮ್ಮ ಕೇಳಿದಳು.

ಮಾರೆಣ್ಣ ಅವಳ ಕಡೆ ತಿರುಗಿದ.

"ಕುರುಗೋಡಿನಾಗ ಒಂದು ಮನಿ ಐತ್ರೀ ಅವ್ವಾರ. ಏಳು ವರ್ಷದ ಹಿಂದ ಇಂಥಾದ್ದೇ ಜಲ್ಲಿ ಕಲಸಿದ್ವಿ. ಹೋದ ಮಳಿಗಾಲದಾಗ ಸ್ಲಾಬಿನಿಂದ ರೊಟ್ಟಿ ಹಂಚಿನಗಲ ತುಂಡು ಬಿತ್ತು. ಕೂಸಿನ ತೊಟ್ಟಿಲು ಗೇಣು ದೂರ ಇತ್ತು. ಈಗ ಅವರು ಚಳ್ಯಾಗೂ ಅಂಗಳದಾಗ ಮಲಗ್ತಾರ. ಆ ಸ್ಲಾಬು ಹಾಕಿದಾಂವ ನಾನ. ಆ ಋಣ ಇನ್ನೂ ತೀರಿಲ್ಲ."

ಸುತ್ತಿಗೆಗಳು ನಿಂತವು. ಚನ್ನವೀರಮ್ಮ ಹೊಸ ಕೋಣೆಯ ಮೇಲೆ ಕಟ್ಟಿದ್ದ ಸರಳುಗಳನ್ನು ನೋಡಿದಳು. 

"ಇದನ್ನ ಹಾಕಿದ್ರ ನನ್ನ ಮಗಳನ್ನ ಕರಸೂದಿಲ್ಲ ನಾನು."

"ಹಂಗಾರ ಇಷ್ಟೂ ಚೆಲ್ಲಬೇಕೇನು?" ದೊಡ್ಡಬಸಪ್ಪನ ದನಿ ಇಳಿದಿತ್ತು.

"ಯಾಕ ಚೆಲ್ತೀರಿ? ಕಣದ ದಾರಿ ತಗ್ಗಿಗೆ ಹಾಕ್ರಿ, ಬಂಡಿ ಹುಗಿಯೋದು ತಪ್ಪತೈತಿ. ಸ್ಲಾಬಿಗೆ ಗುಡ್ಡದ ಕಲ್ಲಿನ ಜಲ್ಲಿ ತರಸ್ರಿ. ಬಳ್ಳಾರಿಯಾಗ ಹಳೆ ಕಾಂಕ್ರೀಟು ಒಡೆದು ಬಳಸಿದ್ದೂ ನೋಡೀನಿ. ತೊಳೆದು, ಜರಡಿ ಹಿಡಿದು, ಪರೀಕ್ಷೆ ಮಾಡಿಸಿದ ಮ್ಯಾಲೆ. ಕಣ್ಣಂದಾಜಿಲೆ ಅಲ್ಲ."

ದೊಡ್ಡಬಸಪ್ಪ ಹೆಗಲ ಮೇಲಿನ ವಲ್ಲಿಬಟ್ಟೆ ಕೊಡವಿಕೊಂಡ. "ನಾಳಿನ ಕೆಲಸ ನಿಲ್ಲಿಸ್ರಿ. ನಾ ಸಿರುಗುಪ್ಪಕ್ಕ ಹೋಗಿ ಲಾರಿಗೆ ಹೇಳಿ ಬರ್ತೀನಿ."

ಹಳೆ ಮನೆ ಕೆಡವಿ ಹೊಸದು ಕಟ್ಟುವವರೇ, ಕೆಡವಿದ್ದೆಲ್ಲ ಕಸವಲ್ಲ. ಆದರೆ ಸರಳು ಇರುವ ಕಡೆ ಚೌಳು, ಮಣ್ಣು, ಹಳೆ ಗಾರೆ ಮೆತ್ತಿದ ಚೂರು ಹಾಕಬೇಡಿ. ತಿಳಿದ ಇಂಜಿನಿಯರರಿಂದ ಪರೀಕ್ಷೆ ಮಾಡಿಸದೆ ಒಂದು ಬುಟ್ಟಿಯನ್ನೂ ಕಲಸಬೇಡಿ. ಆ ಸ್ಲಾಬಿನ ಕೆಳಗೆ ಮಲಗುವವರು ನಿಮ್ಮವರೇ.